ಅಮ್ಮನ ಪರವಾಗಿ

ಅಮ್ಮನಿಗೆ ಲಕ್ವ ಹೊಡೆದ ದಿನ ನಾನು ಬೀದರಿನ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಪರೀಕ್ಷೆ ನಡೆಸುತ್ತಿದ್ದೆ. ನನ್ನ ತವರು ಮುಳಬಾಗಿಲಿನ ಹತ್ತಿರ, ಕುರುಡುಮಲೆಯ ದಾರಿಯಲ್ಲಿ. ರಾಜ್ಯದ ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಅವಳನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದ್ದರು. ಬಲಗೈ ಬಿದ್ದುಹೋಗಿತ್ತು. ಅವಳ ನೋಟ ನನ್ನ ಮೇಲೆ ಒಂದು ಗಳಿಗೆ ನಿಂತು, ಗುರುತಿಲ್ಲದೆ ಮುಂದೆ ಸರಿಯಿತು.

ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವುದು, ಗೂಡು ಮಾರುವುದು ಎಲ್ಲವೂ ಅಮ್ಮನದೇ. ಓದಿಸಿ ಕೇಳದೆ ಯಾವ ಕಾಗದಕ್ಕೂ ರುಜು ಹಾಕಿದವಳಲ್ಲ.

ಮನೆಗೆ ಕರೆತಂದ ಮೇಲೆ ಜೊತೆಗಿದ್ದ ಅವಳ ತಂಗಿ, ನನ್ನ ಚಿಕ್ಕಮ್ಮನೇ ಅವಳನ್ನು ನೋಡಿಕೊಂಡಳು. ಅವಳಿಗೂ ಮಂಡಿನೋವು. ತೋಟ ಒಣಗತೊಡಗಿತು. ಗುತ್ತಿಗೆಗೆ ಕೊಡೋಣವೆಂದರೆ ಪಹಣಿ ಅಮ್ಮನ ಹೆಸರಲ್ಲಿ. ಬ್ಯಾಂಕಿನ ಖಾತೆಯೂ ಅಷ್ಟೇ. ಕೋಲಾರದ ಒಬ್ಬ ವಕೀಲರ ಬಳಿ ಹೋದೆ.

“ಪವರ್ ಆಫ್ ಅಟಾರ್ನಿ ಮಾಡಿಸ್ಕೊಡಿ ಸಾರ್.”

“ಅದಕ್ಕೆ ಏನ್ ಬರ್ದಿದೆ ಅಂತ ನಿಮ್ಮ ತಾಯಿಗೆ ಅರ್ಥ ಆಗ್ಬೇಕಲ್ಲಮ್ಮಾ. ಸುಮ್ನೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ನಾಳೆ ನಿಲ್ಲಲ್ಲ. ನಿಮ್ಮನ್ನ ಗಾರ್ಡಿಯನ್ ಮಾಡಿ ಅಂತ ಕೋರ್ಟಿಗೇ ಅರ್ಜಿ ಹಾಕ್ಬೇಕು.”

ಗಾರ್ಡಿಯನ್. ಶಾಲೆಗೆ ಸೇರುವ ಮಕ್ಕಳ ಹೆಸರಿನ ಮುಂದೆ ನಾನೇ ಎಷ್ಟೋ ಸಲ ಬರೆದ ಪದ ಅದು.

ಅರ್ಜಿಯನ್ನು ಅವರು ಓದಿ ಹೇಳಿದರು. ‘ತನ್ನ ವ್ಯವಹಾರ ನೋಡಿಕೊಳ್ಳಲು ಸಂಪೂರ್ಣ ಅಸಮರ್ಥಳು.’ ಸ್ವಲ್ಪ ಮೆತ್ತಗೆ ಬರೆಯಲು ಆಗುವುದಿಲ್ಲವೇ ಎಂದು ಕೇಳಿದೆ.

“ಮೆತ್ತಗೆ ಬರ್ದ್ರೆ ಅರ್ಜೀನೇ ಬಿದ್ದೋಗುತ್ತಮ್ಮಾ.”

ರುಜು ಹಾಕಿ ಬೀದರಿಗೆ ಮರಳಿದೆ. ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಸಂಜೆ ಚಿಕ್ಕಮ್ಮ ಅಮ್ಮನ ಕಿವಿಗೆ ಫೋನು ಹಿಡಿಯುತ್ತಿದ್ದಳು. ಕನ್ನಡ ಅಮ್ಮನ ನಾಲಿಗೆಯಿಂದ ಪೂರಾ ಜಾರಿಹೋಗಿತ್ತು. ಪಲಮನೇರಿನ ಕಡೆಯ ತನ್ನ ತವರಿನ ತೆಲುಗು ಮಾತ್ರ ಉಳಿದಿತ್ತು, ಅದೂ ಚೂರುಚೂರಾಗಿ.

ಕೊನೆಗೆ ಅಮ್ಮನನ್ನು ಕಣ್ಣಾರೆ ನೋಡಿ ವರದಿ ಕೊಡಲು ಕೋರ್ಟು ಒಬ್ಬ ವಕೀಲೆಯನ್ನು ಕಳಿಸಿತು. ನಾನೂ ರಜೆ ಹಾಕಿ ಬಂದಿದ್ದೆ. ಆಕೆ ಮಂಚದ ಪಕ್ಕ ಕೂತು ಕನ್ನಡದಲ್ಲಿ ಏನೇನೋ ಕೇಳಿದರು. ಅಮ್ಮ ಸೂರು ನೋಡುತ್ತಿದ್ದಳು.

“ತೆಲುಗಲ್ಲಿ ಕೇಳಿ ಮೇಡಂ,” ಎಂದಳು ಚಿಕ್ಕಮ್ಮ.

ಆಕೆ ನನ್ನತ್ತ ಕೈ ತೋರಿಸಿದರು. “ಈಯಮ್ಮ ಎವರಮ್ಮಾ?”

ಮಗಳು ಅಂದುಬಿಡು ಅಮ್ಮಾ, ಒಂದೇ ಒಂದು ಸಲ. ಮರುಗಳಿಗೆಯೇ, ಅವಳು ಸರಿಯಾಗಿ ಹೇಳಿದರೆ ಅರ್ಜಿಯ ಗತಿಯೇನು ಎಂದೂ ಹೊಳೆಯಿತು.

ಅಮ್ಮ ನನ್ನನ್ನು ದಿಟ್ಟಿಸಿದಳು. ಮುಖ ಅರಳಿತು. “ಮಾ ಅಕ್ಕ,” ಎಂದಳು. “ದೂರಂ ಪೋಯಿಂದಿ. ಇಪ್ಪುಡು ವಚ್ಚಿಂದಿ.”

ನಮ್ಮಕ್ಕ, ದೂರ ಹೋಗಿದ್ದಳು, ಈಗ ಬಂದಿದ್ದಾಳೆ. ಚಿಕ್ಕಮ್ಮ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಅವರ ದೊಡ್ಡಕ್ಕ ನಾನು ಹುಟ್ಟುವ ಮೊದಲೇ ಸತ್ತಿದ್ದಳು. ವಕೀಲೆ ತಲೆ ತಗ್ಗಿಸಿ ಬರೆದುಕೊಂಡರು.

ಆದೇಶವಾದ ಸುದ್ದಿ ಬಂದಾಗ ಶಾಲೆಯ ವರಾಂಡದಲ್ಲಿದ್ದೆ. “ಎಲ್ಲಾ ನಿಮ್ಮ ಕೈಗೆ ಬಂತಮ್ಮಾ,” ಎಂದರು ವಕೀಲರು. ಫೋನಿಟ್ಟು ತರಗತಿಗೆ ಮರಳಿದೆ.

ತೋಟ ಕೇಳಿದ್ದ ಪಕ್ಕದ ಊರಿನವರು ಟೊಮೇಟೊ ಹಾಕುವವರು, ಹಿಪ್ಪುನೇರಳೆ ಕೀಳಿಸಲೇಬೇಕಿತ್ತು. ರುಜು ಹಾಕುವ ಮುಂಚೆ ಅಮ್ಮನ ಬಳಿ ಕೂತೆ.

“ಅಮ್ಮಾ, ತೋಟ ಗುತ್ತಿಗೆಗೆ ಕೊಡ್ತಾ ಇದೀನಿ. ಕೊಡ್ಲಾ?”

“ಅವಳ್ನ ಯಾಕೆ ಕೇಳ್ತೀಯೇ? ಕೋರ್ಟೇ ನಿಂಗೆ ಕೊಟ್ಟೈತಲ್ಲ,” ಎಂದಳು ಚಿಕ್ಕಮ್ಮ.

ಆದರೂ ಕಾದೆ. ಅಮ್ಮ ಏನೂ ಹೇಳಲಿಲ್ಲ. ರುಜು ಹಾಕಿದೆ.

ಗಿಡ ಕೀಳುವ ದಿನ ಅವಳ ಮಂಚ ಜಗಲಿಯ ಮೇಲಿತ್ತು. ಟ್ರ್ಯಾಕ್ಟರಿನ ಸದ್ದು ಎದ್ದದ್ದೇ ಅವಳು ಕತ್ತನ್ನು ಅತ್ತ ತಿರುಗಿಸಿದಳು. ಹಸಿ ಬೇರಿನ ವಾಸನೆ ಮನೆವರೆಗೂ ಬಂತು. ನೋಡುತ್ತಿದ್ದಂತೆ ಅವಳ ಕೆನ್ನೆ ಒದ್ದೆಯಾಯಿತು.

“ಲಕ್ವ ಹೊಡೆದ ಕಡೆಯ ಕಣ್ಣು ಹಂಗೇ ಸುರಿಯುತ್ತೆ ಕಣೇ. ಅವಳಿಗೇನೂ ತಿಳಿಯಲ್ಲ,” ಎಂದು ಚಿಕ್ಕಮ್ಮ ನನ್ನ ಬೆನ್ನು ಸವರಿದಳು.

ಎರಡೂ ಕಣ್ಣು ಸುರಿಯುತ್ತಿದ್ದವು.