ಕೂಲಿಯವರ ಹಾಜರಿ ಪುಸ್ತಕ

ನಮ್ಮ ವಿಶ್ವವಿದ್ಯಾಲಯದ ಚರಿತ್ರೆಗೆ ಸಂಬಂಧಪಟ್ಟ ಕಾಗದಪತ್ರಗಳನ್ನೆಲ್ಲ ಒಂದು ಕಡೆ ಸಂಗ್ರಹಿಸಿಡಬೇಕು ಎಂದು ತೀರ್ಮಾನವಾದಾಗ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಗ್ರಂಥಾಲಯದಲ್ಲಿ ಸಹಾಯಕಿ. ದಿನವೂ ಹೊಸಪೇಟೆಯಿಂದ ಬಸ್ಸಿನಲ್ಲಿ ಬಂದು, ಹಳೆಯ ಕಟ್ಟಡದ ಹಿಂದಿನ ಕೋಣೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಡತಗಳನ್ನು ಬಿಚ್ಚುತ್ತಿದ್ದೆ. ಸಭೆಗಳ ನಡಾವಳಿ, ಕಟ್ಟಡದ ನಕ್ಷೆ, ಘಟಿಕೋತ್ಸವದ ಫೋಟೋ, ಮೊದಲ ತಂಡದ ವಿದ್ಯಾರ್ಥಿಗಳ ಅರ್ಜಿ. ಯಾವುದನ್ನು ಉಳಿಸಬೇಕು, ಯಾವುದನ್ನು ರದ್ದಿಗೆ ಹಾಕಬೇಕು ಎಂದು ಪಟ್ಟಿ ಮಾಡುವವಳು ನಾನೇ. ನನ್ನ ಪಟ್ಟಿಗೆ ಗ್ರಂಥಾಲಯದ ಮುಖ್ಯಸ್ಥರು ಎದುರಾಡುತ್ತಲೇ ಇರಲಿಲ್ಲ. ಅದು ಆಗ ನನಗೆ ಹೆಮ್ಮೆಯ ಸಂಗತಿಯಾಗಿತ್ತು.

ಮೂಲೆಯಲ್ಲಿ ಎರಡು ಗೋಣಿಚೀಲದ ತುಂಬ ಹಾಜರಿ ಪುಸ್ತಕಗಳಿದ್ದವು. ಮೊದಲ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತ ಕೂಲಿಯವರವು. ಅಂಚನ್ನು ಒಂದಿಷ್ಟು ಗೆದ್ದಲು ತಿಂದಿತ್ತು, ಒಳಗಿನ ಹಾಳೆಗಳು ಚೆನ್ನಾಗಿಯೇ ಇದ್ದವು. ಹೆಸರು, ಅದರ ಮುಂದೆ ನೇರಳೆ ಬಣ್ಣದ ಹೆಬ್ಬೆಟ್ಟಿನ ಗುರುತು. ನಾಲ್ಕಾರು ಪುಟ ತಿರುವಿದೆ. ಕಪಾಟಿನಲ್ಲಿ ಜಾಗವಿರಲಿಲ್ಲ. ‘ಹಾಳಾಗಿವೆ, ವಿಲೇವಾರಿ’ ಎಂದು ಬರೆದೆ. ಮರುವಾರ ರದ್ದಿಯ ಗಾಡಿ ಬಂದು ಒಯ್ದಿತು.

ಮಳೆಗಾಲ ಮುಗಿದ ಮೇಲೆ ಸಂಡೂರು ತಾಲ್ಲೂಕಿನ ವಡ್ಡುವಿನಿಂದ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ಐವತ್ತರ ಆಸುಪಾಸು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕೆಲಸ, ಅವತ್ತು ರಜೆ ಹಾಕಿದ್ದರು.

“ಹಳೇ ಕಾಗದ ಎಲ್ಲಾ ಇಲ್ಲಿ ಜೋಡ್ಸಿ ಇಡಾಕತ್ತಾರಂತ ಕೇಳಿದೆ ಮೇಡಂ,” ಎಂದರು. “ನಮ್ಮವ್ವ ಈ ಬಿಲ್ಡಿಂಗಿಗೆ ಕಲ್ಲು ಹೊತ್ತಾಳ್ರಿ. ಆಕಿ ತೀರಿ ಭಾಳ ವರ್ಷ ಆತು. ಒಂದು ಫೋಟೋ ಸೈತ ಇಲ್ಲ. ದಿನಾ ಪುಸ್ತಕದಾಗ ಹೆಬ್ಬೆಟ್ಟು ಒತ್ತಿಸ್ಕೊಂತಿದ್ರಂತ. ಅದೊಂದು ತೋರಸ್ರಿ. ಮತ್ತೇನೂ ಬ್ಯಾಡ ನನಗ.”

ನಾನು ಅವರ ಮುಖ ನೋಡದೆ, “ಗೆದ್ದಲು ತಿಂದುಬಿಟ್ಟಾವಕ್ಕ,” ಎಂದೆ.

“ಎಲ್ಲಾನೂ?”

“ಎಲ್ಲಾನೂ.”

ತಡೆಯಲಾರದೆ ಕಟ್ಟಡ ಏಳುತ್ತಿದ್ದಾಗಿನ ಫೋಟೋಗಳನ್ನು ತಂದು ಮುಂದಿಟ್ಟೆ. ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದರು. ಮುಂದೆ ಹಾರ ಹಾಕಿಕೊಂಡ ಅತಿಥಿಗಳು, ಹಿಂದೆ ದೂಳಿಗೆ ಮುಖದ ತುಂಬ ಸೆರಗು ಸುತ್ತಿಕೊಂಡ ಹೆಂಗಸರು. ತಲೆಯ ಮೇಲೆ ಮಣ್ಣಿನ ಪುಟ್ಟಿ ಹೊತ್ತು ನಿಂತಿದ್ದ ಒಬ್ಬಳನ್ನು ತೋರಿಸಿ, “ಇವ್ರು ಇರಬಹುದೇನು?” ಎಂದೆ.

ತುಂಬ ಹೊತ್ತು ನೋಡಿದರು. “ಅಲ್ರಿ. ನಮ್ಮವ್ವ ಎಡಚಿ. ಪುಟ್ಟಿ ಎಡಗೈಲೆ ಹಿಡೀತಿದ್ಲು.” ಫೋಟೋಗಳನ್ನು ಮೊದಲಿದ್ದ ಹಾಗೆಯೇ ಜೋಡಿಸಿಟ್ಟು ಬಸ್ಸಿಗೆ ಹೊರಟುಹೋದರು.

ಅವತ್ತಿನಿಂದ ನನಗೆ ಸಮಾಧಾನವಿರಲಿಲ್ಲ. ಹೊಸಪೇಟೆಯ ರದ್ದಿ ಅಂಗಡಿಗೆ ಹೋದೆ. ಕಾಗದವೆಲ್ಲ ಯಾವಾಗಲೋ ಮಿಲ್ಲಿಗೆ ಹೋಗಿತ್ತು. ಆ ಹಾಜರಿ ಬರೆಯುತ್ತಿದ್ದ ಗುಮಾಸ್ತರು ನಿವೃತ್ತರಾಗಿ ಕಂಪ್ಲಿಯಲ್ಲಿದ್ದಾರೆಂದು ತಿಳಿದು, ನಕಲು ಏನಾದರೂ ಇದ್ದೀತೆಂದು ಅಲ್ಲಿಗೂ ಹೋದೆ.

“ನಕಲು ಯಾಕ ಇಟ್ಕೊಳ್ಳಲಮ್ಮ? ಆಫೀಸಿಗೆ ಕೊಟ್ಟ ಮ್ಯಾಲೆ ಅಲ್ಲೇ ಇರ್ತಾವ ಅನ್ಕೊಂಡಿದ್ದೆ,” ಎಂದರು ಅವರು. ವಡ್ಡುವಿನ ಎಡಚಿಯ ಬಗ್ಗೆ ಕೇಳಿದೆ. ತಲೆ ಅಲ್ಲಾಡಿಸಿದರು. “ಎಷ್ಟು ಮಂದಿ ಬೆರಳು ಹಿಡಿದು ಒತ್ತಿಸೀನಿ. ಮುಖ ಒಂದೂ ನೆಪ್ಪಿಲ್ಲ.”

ಕೊನೆಗೆ ಒಂದು ಭಾನುವಾರ ವಡ್ಡುವಿಗೆ ಹೋದೆ. ಆ ಹೆಂಗಸು ಮನೆಯ ಮುಂದೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಎದ್ದು, “ಬರ್ರಿ, ಕುಂದ್ರಿ,” ಎಂದರು. ಅವರ ಮುಖದಲ್ಲಿ ಆಸೆ ಇತ್ತು. ಪುಸ್ತಕ ಸಿಕ್ಕಿದೆ ಎಂದು ತಿಳಿದರೇನೋ. ನಾನು ಕೂರಲಿಲ್ಲ.

“ಗೆದ್ದಲು ತಿಂದಿದ್ದು ಸುಳ್ಳಕ್ಕ. ಪುಸ್ತಕ ಚಲೋ ಇದ್ವು. ನಾನೇ ರದ್ದಿಗೆ ಹಾಕ್ಸಿದೆ.”

ಅವರು ಮೊರವನ್ನು ಕೆಳಗಿಟ್ಟರು. “ಹೆಸರು ಓದಿದ್ರೇನು?” ಎಂದರು.

“ನಾಲ್ಕಾರು ಪುಟ.”

“ಅದರಾಗ ನಮ್ಮವ್ವ ಇದ್ಲೇನು?”

“ನೆನಪಿಲ್ಲ.”

ಅವರು ಬೈಯಲಿಲ್ಲ, ಅಳಲೂ ಇಲ್ಲ. “ಗೆದ್ದಲು ಅಂತ ಅಂದಿದ್ರಲ್ಲ, ಅದ ಚಲೋ ಇತ್ತು,” ಎಂದು ಮತ್ತೆ ಮೊರ ಎತ್ತಿಕೊಂಡರು. ಸೊಸೆ ಒಂದು ಚೊಂಬು ನೀರು ತಂದುಕೊಟ್ಟಳು. ನಿಂತೇ ಕುಡಿದು ಬಂದೆ.

ಸಂಗ್ರಹದ ಸೂಚಿ ಅಚ್ಚಿಗೆ ಹೋಗುವ ಮೊದಲು ಅದಕ್ಕೊಂದು ಸಾಲು ಸೇರಿಸಿದೆ: ‘ಕೂಲಿಯವರ ಹಾಜರಿ ಪುಸ್ತಕಗಳು, ಎರಡು ಚೀಲ. ಓದುವ ಸ್ಥಿತಿಯಲ್ಲಿದ್ದವು. ಸೂಚಿ ತಯಾರಿಸಿದವಳ ತಪ್ಪಿನಿಂದ ನಾಶವಾಗಿವೆ.’ ಮುಖ್ಯಸ್ಥರು ಕರೆಸಿ, “ಇಲ್ಲದ್ದನ್ನ ಯಾರಾದ್ರೂ ಸೂಚಿಯೊಳಗೆ ಬರೀತಾರೇನಮ್ಮ? ತೆಗೆದುಬಿಡು,” ಎಂದರು. ತೆಗೆಯುವುದಿಲ್ಲ ಎಂದೆ. ಅವರು ಬೇಸರದಿಂದಲೇ ಒಪ್ಪಿದರು. ಆ ಸಾಲು ಈಗಲೂ ಇದೆ. ಅದರಿಂದ ಮನಸ್ಸು ಹಗುರವಾಯಿತು ಎಂದು ಹೇಳಲಾರೆ. ವಡ್ಡುವಿನ ಕಡೆಗೆ ನಾನು ಮತ್ತೆ ಹೋಗಿಲ್ಲ.