ಬರುತ್ತದೆ ಎಂದಿದ್ದ ವಿಮಾನ

ನಮ್ಮ ಮನೆಯವರಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ವಾಯುಸೇನೆಯಲ್ಲಿ ಯುದ್ಧವಿಮಾನಗಳ ಎಂಜಿನ್ ಫಿಟ್ಟರ್ ಆಗಿದ್ದವರು ಅವರು. ಪ್ರಾಯವನ್ನೆಲ್ಲ ಆ ಕಿರುಚುವ ಎಂಜಿನ್ನುಗಳ ಪಕ್ಕದಲ್ಲೇ ಕಳೆದರು. ನಿವೃತ್ತರಾದ ಮೇಲೆ ಶಿರಸಿ ಪೇಟೆಯ ಅಂಚಿನ ಒಂದು ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದೇವೆ. ಅವರ ಹತ್ತಿರ ಯಾರಿಗಾದರೂ ಮಾತಾಡುವುದಿದ್ದರೆ ಮೊದಲು ನನಗೆ ಹೇಳುತ್ತಾರೆ. ನಾನು ಬಲಗಡೆ ನಿಂತು ಅದನ್ನೇ ಗಟ್ಟಿಯಾಗಿ ಹೇಳುತ್ತೇನೆ.

ಹೀಗಾಗಿ ಈ ಊರಿನವರ ಪ್ರಶ್ನೆಯೆಲ್ಲ ನನ್ನ ಬಾಯಿಯಿಂದಲೇ ಹೋಗಬೇಕು. ಟೀವಿಯಲ್ಲಿ ಯುದ್ಧವಿಮಾನ ಖರೀದಿಯ ಸುದ್ದಿ ಬಂತೆಂದರೆ ಮರುದಿನ ಔಷಧಿ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅದೇ ಮಾತು. "ಯಾವ್ದು ತಗಂಡ್ರೆ ಚಲೋ ಅಂತೆ, ಕೇಳಿ ನೋಡಿ. ಫ್ರಾನ್ಸಿಂದೋ, ಅಮೆರಿಕದ್ದೋ? ಅಲ್ಲ, ನಮ್ಮದೇ ಆಗ್ತದೋ?" ಪಾಯಸ ಬಡಿಸುವವರು ಪಾತ್ರೆ ಹಿಡಿದು ಕಾಯುತ್ತಿರುವಾಗ ನಾನು ಗಂಡನ ಕಿವಿಯಲ್ಲಿ ಫ್ರಾನ್ಸು, ಅಮೆರಿಕ ಎಂದು ಕೂಗಿದ್ದೇನೆ.

ನಾನು ಸಿದ್ದಾಪುರ ಕಡೆಯ ನಿಲ್ಕುಂದದವಳು. ಮದುವೆಯಾಗಿ ಮೊದಲು ಹೋಗಿದ್ದು ರಾಜಸ್ಥಾನದ ಒಂದು ವಾಯುನೆಲೆಗೆ. ಕ್ವಾರ್ಟರ್ಸಿನ ಕಿಟಕಿಗೆ ಎಷ್ಟು ಬಟ್ಟೆ ತುರುಕಿದರೂ ಮರಳು ಒಳಗೆ ಬರುತ್ತಿತ್ತು. ಅಲ್ಲಿಗೆ ಹೋದ ಮೊದಲ ವಾರವೇ ಅವರು ಹೇಳಿದ್ದರು: "ಈಗಿದ್ದ ವಿಮಾನ ಹಳೇದಾತು. ಮುಂದಿನ ವರ್ಷ ಹೊಸದು ಬತ್ತಡ. ಆವಾಗ ಕೆಲಸ ಇಷ್ಟು ಇರ್ತಿಲ್ಲೆ."

ಆ ಮಾತನ್ನು ನಂಬಿ ನಾನು ಊರಿಗೆ ಪತ್ರ ಬರೆದಿದ್ದೆ, ಮುಂದಿನ ವರ್ಷ ಹಬ್ಬಕ್ಕೆ ಇಬ್ಬರೂ ಬರುತ್ತೇವೆ ಎಂದು. ವಿಮಾನ ಬರಲಿಲ್ಲ, ನಾವೂ ಹೋಗಲಿಲ್ಲ. ಮಗಳು ಹುಟ್ಟಿದಳು, ಶಾಲೆಗೆ ಸೇರಿದಳು. ನೆಲೆಯಿಂದ ನೆಲೆಗೆ ಪೆಟ್ಟಿಗೆ ಕಟ್ಟಿ ಬಿಚ್ಚಿ ನನ್ನ ಸೊಂಟ ಹೋಯಿತು. ಹೋದಲ್ಲೆಲ್ಲ ಅದೇ ಹಳೆಯ ವಿಮಾನಗಳು, ಹೊಸದು ಬರುತ್ತದಂತೆ ಎಂಬ ಅದೇ 'ಬತ್ತಡ'. ಹಳೆಯದಾದಷ್ಟೂ ಅವುಗಳ ಚಾಕರಿ ಹೆಚ್ಚು. ಒಂದು ಬಿಡಿಭಾಗ ಬರುವುದಕ್ಕೆ ತಿಂಗಳುಗಟ್ಟಲೆ. ಅಲ್ಲಿಯವರೆಗೆ ಹಾರದೇ ನಿಂತ ವಿಮಾನದ್ದನ್ನು ಬಿಚ್ಚಿ ಹಾರುವ ವಿಮಾನಕ್ಕೆ ಹಾಕುತ್ತಿದ್ದರು. ಮನೆಗೆ ಬಂದರೆ ಅವರ ಅಂಗಿಯಿಂದ ಸೀಮೆಎಣ್ಣೆಯಂಥದೇ ಒಂದು ವಾಸನೆ. ಎಷ್ಟು ಸಲ ಒಗೆದರೂ ಹೋಗುತ್ತಿರಲಿಲ್ಲ.

ಒಂದು ಬೇಸಿಗೆ ಮಾತ್ರ ಅವರು ಖುಷಿಯಾಗಿದ್ದುದು ನೆನಪಿದೆ. ಬೇರೆ ಬೇರೆ ದೇಶದ ವಿಮಾನಗಳನ್ನು ಮರುಭೂಮಿಯ ಸೆಕೆಯಲ್ಲಿ ಹಾರಿಸಿ ಪರೀಕ್ಷೆ ಮಾಡಲು ನಮ್ಮ ನೆಲೆಗೆ ತಂದಿದ್ದರು. ನೆಲದ ಮೇಲಿನ ರಿಪೇರಿ ಕೆಲಸಕ್ಕೆ ಆಯ್ಕೆಯಾದವರಲ್ಲಿ ಇವರೂ ಇದ್ದರು. ದಿನಾ ಸಂಜೆ ಬಂದು, ಹೆಣ್ಣು ನೋಡಿ ಬಂದವರ ಹಾಗೆ ವರ್ಣನೆ. ಒಂದರ ಎಂಜಿನ್ ಇಳಿಸುವುದಕ್ಕೆ ಹೊತ್ತೇ ಬೇಡವಂತೆ. ಇನ್ನೊಂದು ಚಂದ, ಆದರೆ ಧೂಳು ಆಗುವುದಿಲ್ಲವಂತೆ. ಪಕ್ಕದ ಮನೆಯ ಪಂಜಾಬಿ ಸಾರ್ಜೆಂಟನಿಗೆ ಬೇರೆಯದೇ ವಿಮಾನ ಇಷ್ಟವಾಗಿತ್ತು. ಇಬ್ಬರೂ ಜಗುಲಿಯಲ್ಲಿ ಕೂತು ವಾದ ಮಾಡುತ್ತಿದ್ದರು, ತಾವೇ ಖರೀದಿ ಮಾಡುವವರ ಹಾಗೆ. ನಾನೂ ಅವನ ಹೆಂಡತಿಯೂ ಒಳಗೆ ಚಪಾತಿ ಲಟ್ಟಿಸುತ್ತ ನಗುತ್ತಿದ್ದೆವು.

ಪರೀಕ್ಷೆ ಮುಗಿಯಿತು, ವಿಮಾನಗಳು ತಮ್ಮ ದೇಶಕ್ಕೆ ಹೋದವು. ವರದಿ ದಿಲ್ಲಿಗೆ ಹೋಯಿತು. ಆಮೇಲೆ ವರ್ಷಗಟ್ಟಲೆ ಸುದ್ದಿಯಿಲ್ಲ. ದರದ ಮಾತುಕತೆ ನಡೆಯುತ್ತಿದೆ ಎಂದರು. ಮತ್ತೊಮ್ಮೆ ಮೊದಲಿನಿಂದ ಶುರು ಎಂದರು. ಜಗುಲಿಯ ವಾದ ತಾನಾಗಿ ನಿಂತುಹೋಯಿತು.

ಒಂದು ಮಧ್ಯಾಹ್ನ ಅವರು ಹೊತ್ತಿಗೆ ಮೊದಲೇ ಬಂದು ಬೂಟು ಬಿಚ್ಚದೇ ಕುರ್ಚಿಯಲ್ಲಿ ಕೂತರು. ನಾನು ನೀರು ತಂದುಕೊಟ್ಟೆ, ಕುಡಿಯಲಿಲ್ಲ.

"ಎಂತ ಆತು?"

"ಒಂದು ಬಿತ್ತು. ಯಂಗಳ ಕೈಯಿಂದ ರಿಪೇರಿ ಆಗಿ ಹೋದದ್ದಲ್ಲ. ಪೈಲಟ್ ಹೊರಗೆ ಹಾರಿದ್ದ. ಬದುಕಿದ್ದ, ಬೆನ್ನು ಹೋತು."

ಆ ಪೈಲಟ್ ನಮ್ಮಲ್ಲಿ ಒಮ್ಮೆ ಊಟ ಮಾಡಿದ್ದ. ತಂಬುಳಿಯನ್ನು ಲಸ್ಸಿ ಎಂದುಕೊಂಡು ಎರಡು ಲೋಟ ಕುಡಿದಿದ್ದ ಹುಡುಗ. ಮರುದಿನ ಬೆಳಿಗ್ಗೆ ಇವರು ಮತ್ತೆ ಅಂಥದೇ ವಿಮಾನದ ಕೆಳಗೆ ಕೆಲಸಕ್ಕೆ ಹೋದರು. ಬೇರೆ ಇರಲಿಲ್ಲವಲ್ಲ.

ಹೊಸವು ಕೆಲವು ಬಂದಿದ್ದು ಇವರು ನಿವೃತ್ತರಾದ ಮೇಲೆ, ಬೇರೆಲ್ಲಿಗೋ. ಹಳೆಯವುಗಳನ್ನು ಬೀಳ್ಕೊಟ್ಟ ಸಮಾರಂಭವನ್ನು ಶಿರಸಿಯಲ್ಲಿ ಟೀವಿಯ ಮುಂದೆ ಕೂತು ನೋಡಿದೆವು. ನೆಲಕ್ಕಿಳಿದ ವಿಮಾನದ ಮೇಲೆ ಎರಡೂ ಕಡೆಯಿಂದ ನೀರು ಚಿಮ್ಮಿಸಿದರು. ನಿರೂಪಕಿಯ ದನಿ ಗದ್ಗದವಾಗಿತ್ತು. ಇವರು ಅಳುತ್ತಾರೇನೋ ಎಂದು ತಿರುಗಿ ನೋಡಿದರೆ ಬಾಯಿ ತೆರೆದು ನಿದ್ದೆಹೋಗಿದ್ದರು. ನಾನು ಎಬ್ಬಿಸಲಿಲ್ಲ.

ಅದಾದ ಮೇಲೆ ನಮ್ಮ ಮಗಳ ಫೋನು ಬಂತು. ಅವಳು ಯಲ್ಲಾಪುರದಲ್ಲಿ ಕಾಲೇಜು ಉಪನ್ಯಾಸಕಿ. ಹಳೆಯ ವಿಮಾನಗಳ ಜಾಗಕ್ಕೆ ಯಾವುದು ಬರಬೇಕು ಎಂಬುದರ ಮೇಲೆ ವಿದ್ಯಾರ್ಥಿಗಳ ಹತ್ತಿರ ಅಪ್ಪ ಮಾತಾಡಬೇಕಂತೆ. "ಆಯೀ, ನೀನೂ ಬಾ. ಇಲ್ದಿದ್ರೆ ಅಪ್ಪಂಗೆ ಒಂದು ಪ್ರಶ್ನೆಯೂ ಕೇಳ್ತಿಲ್ಲೆ" ಎಂದಳು. ಬಸ್ಸಿನಲ್ಲಿ ಮಂಚಿಕೇರಿ ದಾಟುವಷ್ಟರಲ್ಲೇ ನನಗೆ ಸಾಕಾಗಿತ್ತು.

ಸಭೆ ತುಂಬಿತ್ತು. ವೇದಿಕೆಯ ಮೇಲೆ ಅವರ ಬಲಗಡೆ ನನಗೊಂದು ಕುರ್ಚಿ. ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಹುಡುಗರು ಮೊಬೈಲಿನಲ್ಲಿ ಓದಿದ್ದನ್ನು ಕೇಳಿದರು, ನಾನು ದಾಟಿಸಿದೆ, ಇವರು ವಿವರಿಸಿದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು.

"ಸರ್, ಹಳೇದಾಗಿದೆ ಅಂತ ಎಲ್ಲರಿಗೂ ಗೊತ್ತಿತ್ತಲ್ಲ. ಆರಿಸಲಿಕ್ಕೆ ಇಷ್ಟು ವರ್ಷ ಯಾಕೆ ಬೇಕಾಯ್ತು?"

ನಾನು ಕಿವಿಯಲ್ಲಿ ಹೇಳಿದೆ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಅವರು ನನ್ನ ಕಡೆ ತಿರುಗಿ, ಮೈಕು ಎದುರಿಗಿದೆ ಎಂಬುದನ್ನು ಮರೆತು, "ಆನು ಎಂತ ಹೇಳಲಿ ಇದಕ್ಕೆ? ಯಂಗೆ ಗೊತ್ತಿಲ್ಲೆ" ಎಂದರು. ಸಭೆ ನಕ್ಕಿತು. ಹುಡುಗಿ ಕೂರಲಿಲ್ಲ.

"ಹಂಗಾದ್ರೆ ನೀವೇ ಹೇಳಿ ಅಮ್ಮ."

ನನಗೆ ಭಾಷಣ ಬರುವುದಿಲ್ಲ. ನಾನು ಹೇಳಿದ್ದು ಇಷ್ಟೇ: "ನಾನು ಮದುವೆಯಾಗಿ ಹೋದಾಗ ಮುಂದಿನ ವರ್ಷ ಬರ್ತದೆ ಅಂದ್ರು. ಇವರು ರಿಟೈರ್ ಆಗುವಾಗಲೂ ಮುಂದಿನ ವರ್ಷವೇ ಅಂದ್ರು. ಯಾವುದು ಒಳ್ಳೇದು ಅಂತ ನಂಗೆ ಗೊತ್ತಿಲ್ಲ ಮಗಾ. ಕಾದು ಕಾದು ಬೇಜಾರು ಬಂದಿದ್ದು ಮಾತ್ರ ಗೊತ್ತು."

ಜೋರಾಗಿ ಚಪ್ಪಾಳೆ ಬಿತ್ತು. ಎಂಥದಕ್ಕೆ ತಟ್ಟಿದರೋ, ನನಗೆ ಎದ್ದು ಹೋಗೋಣ ಅನ್ನಿಸಿತು.

ಹಿಂತಿರುಗುವಾಗ ಬಸ್ಸಿನಲ್ಲಿ ಅವರು ಕೇಳಿದರು: "ಎಂತ ಹೇಳಿದೆ ನೀನು? ಚಪ್ಪಾಳೆ ಎಂತಕ್ಕೆ ಬಿತ್ತು?"

ಹೇಳಿದೆ. ಅವರಿಗೆ ಕೇಳಬೇಕಾದರೆ ಇಡೀ ಬಸ್ಸಿಗೇ ಕೇಳಬೇಕು. ಕಂಡಕ್ಟರ್ ಕೂಡ ತಿರುಗಿ ನೋಡಿದ. ಅವರ ಮುಖ ಗಂಟಿಕ್ಕಿತು.

"ತಡ ಆತು ಹೇಳಿ ಬೈಯೂದು ಸುಲಭ. ಆರ್ಸೂದು ಸುಲಭ ಅಲ್ಲ. ಒಂದು ಸಲ ತಂದ್ರೆ ಮೂವತ್ತು ನಲವತ್ತು ವರ್ಷ ಅದ್ರ ಜೊತಿಗೇ ಇರವು."

ನನಗೂ ಸಿಟ್ಟು ಬಂತು. "ಆನೂ ಅಷ್ಟೂ ವರ್ಷ ಅದ್ರ ಜೊತಿಗೇ ಇದ್ದಿದ್ದಿ" ಎಂದೆ.

ಇದು ಅವರಿಗೆ ಕೇಳಿಸಿತು. ಮುಂದಿನ ಸೀಟಿನ ಸರಳು ಹಿಡಿದು ಕೂತರು. ಒಂದಷ್ಟು ದೂರ ಹೋದ ಮೇಲೆ ನನ್ನ ಮಡಿಲಲ್ಲಿದ್ದ ಶಾಲನ್ನು, ಕಾಲೇಜಿನವರು ಹೊದಿಸಿದ್ದನ್ನು, ಎತ್ತಿ ತಮ್ಮ ಚೀಲದೊಳಗೆ ಇಟ್ಟುಕೊಂಡರು. ನನ್ನ ಕೈ ಖಾಲಿಯಾಯಿತು. ಕಿಟಕಿಗೆ ತಲೆಯಾನಿಸಿ ಶಿರಸಿ ಬರುವವರೆಗೂ ಮಲಗಿದೆ. ಬಸ್‌ಸ್ಟ್ಯಾಂಡು ಬಂದಾಗ ಅವರೇ ಮೆಲ್ಲಗೆ ಭುಜ ಮುಟ್ಟಿ ಎಬ್ಬಿಸಿದರು.

ಮೊನ್ನೆ ಸಿದ್ದಾಪುರದ ಕಾಲೇಜೊಂದರಿಂದಲೂ ಕರೆ ಬಂದಿದೆ, ಇದೇ ವಿಷಯಕ್ಕೆ. ಅವರು ಹೋಗುತ್ತೇನೆ ಎಂದಿದ್ದಾರೆ. ಜೊತೆಗೆ ಹೋಗುವುದೋ ಬೇಡವೋ, ನಾನು ಇನ್ನೂ ತೀರ್ಮಾನಿಸಿಲ್ಲ.