ಚನ್ನವೀರಪ್ಪ ಮೇಷ್ಟ್ರ ನಾಲ್ವರು ಚಕ್ರವರ್ತಿಗಳು

ಒಂದೇ ಪೀರಿಯಡ್ಡಿನಲ್ಲಿ ಮೂವರು ರೋಮನ್ ಚಕ್ರವರ್ತಿಗಳನ್ನು ಮುಗಿಸಿ, ನಾಲ್ಕನೆಯವನನ್ನು ಸಿಂಹಾಸನದ ಮೇಲೆ ಕೂರಿಸಿ, ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತ ಹೊರಗೆ ಬರುತ್ತಿದ್ದವರು ನಮ್ಮ ಚನ್ನವೀರಪ್ಪ ಮೇಷ್ಟ್ರು. ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ಕಡೆ ಊರವರ ಸಮಿತಿಯೊಂದು ನಡೆಸುತ್ತಿದ್ದ ಹೈಸ್ಕೂಲಿನಲ್ಲಿ ಅವರು ಚರಿತ್ರೆ ಹೇಳುತ್ತಿದ್ದರು. ನಾನು ಹೊಸದಾಗಿ ಸೇರಿ ಕನ್ನಡ ಹೇಳುತ್ತಿದ್ದೆ. ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಅವರ ರೋಮ್ ಶುರುವಾಯಿತೆಂದರೆ ನನ್ನ ಹಳಗನ್ನಡಕ್ಕೆ ಉಳಿಗಾಲವಿರಲಿಲ್ಲ. ಹುಡುಗರ ಕಿವಿಯೆಲ್ಲ ಆ ಕಡೆಗೆ. ನಿಜ ಹೇಳಬೇಕೆಂದರೆ ನನ್ನದೂ.

ನೀರೋ ಸತ್ತ ಒಂದೂವರೆ ವರ್ಷದೊಳಗೆ ರೋಮಿನಲ್ಲಿ ಒಬ್ಬರಾದ ಮೇಲೊಬ್ಬರಂತೆ ನಾಲ್ವರು ಗದ್ದುಗೆ ಏರಿದ ಕಥೆ ಅದು. ಮೇಷ್ಟ್ರು ತಮ್ಮ ಕುರ್ಚಿಯನ್ನು ತರಗತಿಯ ನಡುವೆ ಎಳೆದು ಒಬ್ಬ ಹುಡುಗನನ್ನು ಕೂರಿಸುವರು. "ಇವ್ನು ಗಾಲ್ಬಪ್ಪ. ಕೈ ಬಿಗಿ ಮುದುಕ. ಹಾಕ್ರೋ ಜೈಕಾರ!" ಹುಡುಗರು ಸೂರು ಹಾರುವಂತೆ ಕೂಗುವರು. ಸಿಪಾಯಿಗಳು ಪೇಟೆ ನಡುವೆಯೇ ಗಾಲ್ಬಪ್ಪನನ್ನು ಕಡಿದ ಮೇಲೆ ಅದೇ ಕುರ್ಚಿಗೆ ಬೋಳುತಲೆಗೆ ಕಟ್ಟುಗೂದಲು ಹಾಕಿದ ಓಥಪ್ಪ. ಮತ್ತೆ ಜೈಕಾರ. ಯುದ್ಧದಲ್ಲಿ ಸೋತು ಅವನು ತಾನೇ ಇರಿದುಕೊಂಡರೆ ಊಟದೆಲೆ ಬಿಟ್ಟೇಳದ ವಿಟೆಲಿಯಸ್. ಅವನನ್ನು ಬೀದಿಯಲ್ಲಿ ಎಳೆದಾಡಿ ಕೊಂದ ಮೇಲೆ ಪೂರ್ವದೇಶದ ದಂಡಿನ ವೆಸ್ಪಾಸಿಯನ್. ನಾಲ್ಕನೆಯ ಜೈಕಾರ ಮುಗಿಯುತ್ತಿದ್ದಂತೆ ಮೇಷ್ಟ್ರು ಮೇಜು ಗುದ್ದುವರು. "ಥೂ ನಿಮ್ಮ! ಈಗಿನ್ನೂ ಗಾಲ್ಬಪ್ಪಂಗೆ ಕೂಗಿದ ಬಾಯಿ ಅಲ್ಲೇನ್ರೋ ಇದು? ಚರಿತ್ರೆ ಅಂದ್ರೆ ರಾಜ್ರದ್ದು ಅಂತ ತಿಳ್ಕಂಡೀರಾ? ಚಪ್ಪಾಳೆ ಹೊಡೆದವ್ರದ್ದು ಕಣ್ರೋ!" ಹುಡುಗರು ಹೊಟ್ಟೆ ಹಿಡಿದುಕೊಂಡು ನಗುವರು.

ಮೇಷ್ಟ್ರು ಆಳು ಸಣಕಲು, ದನಿ ಮಾತ್ರ ಗಡಸು. ಆ ದನಿಯಿಂದಾಗಿಯೇ ಶಾಲೆಯ ಬಿನ್ನವತ್ತಳೆಗಳೆಲ್ಲ ಅವರ ಪಾಲಿಗೆ ಬಂದಿದ್ದವು. ದೊಡ್ಡವರು ಯಾರೇ ಬರಲಿ, ಅವರನ್ನು ಹೊಗಳಿ ಬರೆದು, ಅಚ್ಚು ಹಾಕಿಸಿ, ಗಾಜಿನ ಕಟ್ಟು ಹಾಕಿಸಿ, ಸಭೆಯಲ್ಲಿ ಓದಿ ಅರ್ಪಿಸುವುದು ಆಗಿನ ಪದ್ಧತಿ. 'ಕರುಣಾಳುಗಳೇ, ವಿದ್ಯಾಪಕ್ಷಪಾತಿಗಳೇ' ಎಂದು ಮೇಷ್ಟ್ರು ಎತ್ತಿಕೊಂಡರೆ ಹೊಗಳಿಸಿಕೊಂಡವರಿಗೇ ತಾವು ಇಷ್ಟು ಒಳ್ಳೆಯವರೇ ಎಂದು ಅನುಮಾನ ಬರಬೇಕು.

ಒಂದು ವರ್ಷ ನಮ್ಮ ಸಮಿತಿಯಲ್ಲೂ ಅಧ್ಯಕ್ಷರು ನಿಲ್ಲಲಿಲ್ಲ. ಮೊದಲಿನವರು ಕಾಯಿಲೆಯ ನೆಪ ಹೇಳಿ ಬಿಟ್ಟರು. ಆಮೇಲೆ ತಾಳಗುಂದದ ಬಸವಣ್ಯಪ್ಪ ಗೌಡರು ಬಂದರು. ನಮ್ಮ ಶಾಲೆಯ ಮಾಡಿಗೆ ಹೆಂಚು, ತೊಲೆ ಎಲ್ಲ ತಮ್ಮ ಗಾಡಿಗಳಲ್ಲೇ ಹೇರಿಸಿ ತಂದ ಮುದುಕರು ಅವರು. ಚನ್ನವೀರಪ್ಪನವರನ್ನು ಕರೆದು ಕೆಲಸ ಕೊಟ್ಟವರೂ ಅವರೇ. ಅವರಿಗೆ ಬಿನ್ನವತ್ತಳೆ ಅರ್ಪಿಸಿ ಮೂರು ತಿಂಗಳಾಗಿರಲಿಲ್ಲ, ಶಿರಾಳಕೊಪ್ಪದ ಅಕ್ಕಿ ಮಿಲ್ಲಿನ ಯಜಮಾನರು ಸಮಿತಿಯವರನ್ನೆಲ್ಲ ತಮ್ಮ ಕಡೆಗೆ ತಿರುಗಿಸಿಕೊಂಡು ಗೌಡರನ್ನು ಇಳಿಸಿ ತಾವೇ ಅಧ್ಯಕ್ಷರಾದರು. ರೋಮಿಗೆ ಸಾಟಿಯಾಗಲು ನಮಗೆ ಒಬ್ಬರು ಕಡಿಮೆಯಾದರು, ಅಷ್ಟೇ.

ಮೇಷ್ಟ್ರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಗುವುದು ಬಿಡುವುದು ಹೊಸ ಅಧ್ಯಕ್ಷರ ಕೈಯಲ್ಲಿತ್ತು. ಸನ್ಮಾನಕ್ಕೆ ಎರಡೇ ದಿನ ಉಳಿದಿರುವಾಗ ಹೆಡ್‌ಮಾಸ್ಟರು ಬಿನ್ನವತ್ತಳೆ ಬೇಕೆಂದರು. ಹೊಸದು ಬರೆಯಲು ಹೊತ್ತೆಲ್ಲಿ? ಮೇಷ್ಟ್ರು ಗೌಡರದ್ದನ್ನೇ ತೆಗೆದು, ಹೆಸರನ್ನಷ್ಟೇ ಬದಲಿಸಿ ಅಚ್ಚಿಗೆ ಕಳಿಸಿದರು. "ಒಳ್ಳೇ ಗುಣ ಎಲ್ರಿಗೂ ಒಂದೇ ಅಲ್ಲೇನ್ರೀ?" ಎಂದು ನನ್ನ ಮುಂದೆ ನಕ್ಕರು. ನಾನೂ ನಕ್ಕೆ.

ಸಭೆಗೆ ಗೌಡರು ಬಂದರು. ಕರೆದಿದ್ದರೋ ಇಲ್ಲವೋ, ಒಗೆದ ರುಮಾಲು ಸುತ್ತಿಕೊಂಡು ಬಂದು ಮೂರನೆಯ ಸಾಲಿನಲ್ಲಿ ಕೂತರು. ಮೇಷ್ಟ್ರು ಕಟ್ಟನ್ನು ಎದೆಗಾನಿಸಿ ಹಿಡಿದು, ನೋಡದೆಯೇ ಶುರು ಮಾಡಿದರು. ಬಾಯಿಪಾಠವಾಗಿತ್ತಲ್ಲ. 'ವಿದ್ಯಾಪಕ್ಷಪಾತಿಗಳಾದ ತಾಳಗುಂದದ ಶ್ರೀಮಾನ್ ಬಸವಣ್ಯಪ್ಪ ಗೌಡರೇ' ಎಂದುಬಿಟ್ಟರು.

ಗೌಡರು ಎದ್ದರು. ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ಸಭೆಗೆ ಕೈಮುಗಿಯುತ್ತ ವೇದಿಕೆಯ ಕಡೆಗೆ ನಡೆದರು. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ. ಮಿಲ್ಲಿನ ಯಜಮಾನರು ನಗಲಿಲ್ಲ, ಮೇಷ್ಟ್ರನ್ನೇ ನೋಡಿದರು. ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಆಗ ಅವರು ಏನು ಬೇಕಾದರೂ ಹೇಳಬಹುದಿತ್ತು. ಮಾಡು ಕಟ್ಟಿಸಿದ ಹಿರಿಯರು, ಮೊದಲು ಅವರಿಗೊಂದು ನಮಸ್ಕಾರ ಎಂದಿದ್ದರೆ ಯಾರು ಬೇಡವೆನ್ನುತ್ತಿದ್ದರು? ಅಷ್ಟು ಮಾತಿನ ಮಲ್ಲನ ಬಾಯಿಂದ ಹೊರಟದ್ದು ಇಷ್ಟೇ: "ಗೌಡ್ರೇ, ತಮಗಲ್ಲ. ಕೂತ್ಕಳ್ರಿ."

ಗೌಡರು ಹಿಂತಿರುಗಿ ಕೂತರು. ಮೇಷ್ಟ್ರು ಮೊದಲಿನಿಂದ ಓದಿದರು. ಕೊನೆಗೆ ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಗೌಡರೂ ಹೊಡೆದರು. ಅದನ್ನು ನಾನು ನೋಡಬಾರದಿತ್ತು.

ಮುಂದಿನ ಭಾನುವಾರ ಮೇಷ್ಟ್ರು ನನ್ನನ್ನು ಜೊತೆಗೆ ಕರೆದುಕೊಂಡು ತಾಳಗುಂದಕ್ಕೆ ಹೊರಟರು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ. ಗೌಡರು ಕಣದಲ್ಲಿ ಬತ್ತ ಹರವಿಸುತ್ತಿದ್ದರು. ಮೇಷ್ಟ್ರು ಕಾಲಿಗೆ ಬೀಳಲು ಬಗ್ಗಿದರೆ ಮುದುಕರು ರಟ್ಟೆ ಹಿಡಿದು ಎತ್ತಿದರು.

"ನಂದು ತಪ್ಪಾತು ಗೌಡ್ರೇ. ಎಲ್ರ ಮುಂದೆ ನಿಮ್ಮ ಮಾನ ತೆಗೆದೆ."

"ನೀವೇನ್ ತೆಗೆದ್ರಿ? ಇಳಿಸಿದ ಮೇಲೆ ನಾನು ಅಲ್ಲಿಗೆ ಬರಬಾರದಿತ್ತು. ಬಂದೆ. ಹೆಸರು ಕೇಳ್ತು, ಹೋದವ್ರಿಗೂ ಒಂದು ಮಾತು ಹೇಳ್ತಾರೇನೋ ಅಂದ್ಕಂಡೆ. ಈ ವಯಸ್ಸಿಗೆ ಆಸೆ ನೋಡ್ರಿ! ನಾಚಿಕೆ ನಂದು ಮೇಷ್ಟ್ರೇ, ನಿಮ್ದಲ್ಲ." ಹಾಗೆಂದು ಒಳಗೆ ಕೂಗಿ ನಮಗೆ ಮಜ್ಜಿಗೆ ತರಿಸಿದರು.

ಮೇಷ್ಟ್ರು ಲೋಟ ಹಿಡಿದುಕೊಂಡು ಕೂತರು, ಕುಡಿಯಲಾಗಲಿಲ್ಲ. ವಾಪಸು ಬರುವ ದಾರಿಯಲ್ಲಿ, "ಬೈದಿದ್ರೆ ಚಲೋ ಇತ್ತು ಕಣ್ರೀ" ಎಂದರು. "ನನ್ನ ನಾಚಿಕೇನೂ ಆ ಮುದುಕನೇ ಹೊತ್ಕಂಡುಬಿಟ್ಟ. ಇನ್ನು ನಾನು ಯಾರ ಹತ್ರ ಹೋಗಿ ಕಳ್ಕಳ್ಳಲಿ?"

ಆ ತಿಂಗಳೇ ಅವರ ಕೆಲಸ ಖಾಯಂ ಆಯಿತು. ಯಾರೂ ಸಿಹಿ ಕೇಳಲಿಲ್ಲ, ಅವರೂ ಹಂಚಲಿಲ್ಲ. ತಟ್ಟಿಯಾಚೆಯಿಂದ ರೋಮಿನ ಪಾಠ ಮತ್ತೊಮ್ಮೆ ಕೇಳಿತು. ಕುರ್ಚಿ ಎಳೆಯುವ ಸದ್ದಿಲ್ಲ, ಜೈಕಾರವಿಲ್ಲ. ಒಬ್ಬ ಸತ್ತ, ಮತ್ತೊಬ್ಬ ಬಂದ ಎಂದು ಪುಸ್ತಕದಲ್ಲಿದ್ದಷ್ಟು ಓದಿ ಮುಗಿಸಿದರು. ವರ್ಷ ಮುಗಿಯುವುದರೊಳಗೆ ಆ ಖಾಯಂ ಕೆಲಸವನ್ನೂ ಬಿಟ್ಟು, ಸೊರಬದ ಆಚೆ ಕುಪ್ಪಗಡ್ಡೆಯ ಕಡೆ ಎಲ್ಲೋ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಲು ಹೋದರೆಂದು ಕೇಳಿದೆ.

ಕೊನೆಯ ಸಲ ಅವರು ಸಿಕ್ಕಿದ್ದು ಸೊರಬದ ಬಸ್ ನಿಲ್ದಾಣದಲ್ಲಿ. ಇನ್ನಷ್ಟು ಬಡಕಲಾಗಿದ್ದರು. ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿ, "ಗಂಧದ ಹಾರ? ಯಾರಿಗ್ರೀ?" ಎಂದರು.

"ಅಧ್ಯಕ್ಷರಿಗೆ. ಮತ್ತೆ ಬದಲಾದ್ರು."

"ಬಿನ್ನವತ್ತಳೆ ಈಗ ಯಾರು ಬರೀತಾರೆ?"

ಅವರು ಹೋದಾಗಿನಿಂದ ಅದನ್ನು ಬರೆಯುವವನೂ ನಾನೇ, ಓದುವವನೂ ನಾನೇ. ತಲೆ ತಗ್ಗಿಸಿ ನಿಂತೆ. ಮೇಷ್ಟ್ರಿಗೆ ತಿಳಿಯಿತು. ಬೈಯುತ್ತಾರೆಂದು ಕಾದೆ, ಬೈದರೆ ಸಾಕೆನಿಸಿತ್ತು. ಅಷ್ಟರಲ್ಲಿ ಅವರ ಬಸ್ಸು ಬಂತು. ನನ್ನ ಹೆಗಲ ಮೇಲೊಂದು ಕೈಯಿಟ್ಟು, ತುಂಬ ಮೆಲ್ಲಗೆ, "ನೋಡ್ಕಂಡು ಓದ್ರಿ" ಎಂದು ಹೇಳಿ ಹತ್ತಿ ಹೋದರು.